ಹಿಡಿದದ್ದು ತನ್ನದಾದ ಕಥೆ

ಸ್ಪ್ಯಾನಿಷ್ ಕಲಿಯಲು ಕೂತವರಿಗೆ ಬಹುಬೇಗ ಎದುರಾಗುವ ಕ್ರಿಯಾಪದ ‘ತೆನೇರ್’. ಮನೆ ಇದೆ, ಮಕ್ಕಳಿದ್ದಾರೆ ಎನ್ನುವುದಕ್ಕೂ ಅದೇ ಬೇಕು. ಹಸಿವು, ಚಳಿ, ಹೆದರಿಕೆ, ವಯಸ್ಸು ಹೇಳುವುದಕ್ಕೂ ಅದೇ. ‘ತೆಂಗೊ ಆಂಬ್ರೆ’ ಅಂದರೆ ನನಗೆ ಹಸಿವಾಗಿದೆ. ‘ತೆಂಗೊ ತ್ರೇಯಿಂತಾ ಆನ್ಯೋಸ್’ ಅಂದರೆ ನನಗೆ ಮೂವತ್ತು ವರ್ಷ. ಜೊತೆಗೆ ‘ಕೆ’ ಸೇರಿದರೆ ‘ಬೇಕು’ ಎಂಬ ಒತ್ತಾಯವೂ ಬರುತ್ತದೆ: ‘ತೆಂಗೊ ಕೆ ಇರ್’, ನಾನು ಹೋಗಬೇಕು.

ಆದರೆ ಇದರ ಮೂಲ ಕೆಲಸ ಇದಲ್ಲ. ಲ್ಯಾಟಿನ್ನಿನ ‘ತೆನೇರೆ’ ಎಂದರೆ ಹಿಡಿ, ಬಿಡದೆ ಇಟ್ಟುಕೊ. ‘ನನ್ನ ಬಳಿ ಇದೆ’ ಎನ್ನುವುದಕ್ಕೆ ಅಲ್ಲಿ ಸಾಮಾನ್ಯವಾಗಿ ಬಳಸುತ್ತಿದ್ದದ್ದು ‘ಹಬೇರೆ’. ಅದರ ಮಕ್ಕಳಾದ ಫ್ರೆಂಚಿನ ‘ಅವ್ವಾರ್’, ಇಟಾಲಿಯನ್ನಿನ ‘ಅವೇರೆ’ ಇಂದಿಗೂ ಆ ಕೆಲಸ ಮಾಡುತ್ತಿವೆ. ಆದರೆ ಸ್ಪ್ಯಾನಿಷ್‌ನಲ್ಲಿ ಅದೇ ಮನೆತನದ ‘ಆಬೇರ್’ ತನ್ನ ಜಾಗವನ್ನು ತೆನೇರ್‌ಗೆ ಬಿಟ್ಟುಕೊಟ್ಟಿತು.

ಇದು ಒಂದೇ ದಿನದಲ್ಲಿ ಆದದ್ದಲ್ಲ. 1207ರ ಕಾಲಸೂಚನೆ ಇರುವ ‘ಸಿದ್’ ವೀರಕಾವ್ಯದಲ್ಲಿ ಒಡೆತನಕ್ಕೆ ಆಬೇರ್ ಧಾರಾಳವಾಗಿ ಸಿಗುತ್ತದೆ. 1535ರ ಸುಮಾರಿಗೆ ನೇಪಲ್ಸ್‌ನಲ್ಲಿದ್ದ ಹ್ವಾನ್ ದೆ ವಾಲ್ದೇಸ್ ತನ್ನ ‘ಭಾಷಾ ಸಂವಾದ’ದಲ್ಲಿ, ತೆನೇರ್ ಇರಬೇಕಾದ ಕಡೆ ಆಬೇರ್ ಬಳಸುವುದು ಹಳಬರ ಮಾತು, ಈಗ ಅದು ಒಪ್ಪುವ ಜಾಗಗಳು ಕಡಿಮೆ ಎಂದು ಹೇಳುತ್ತಾನೆ. 1605ರ ‘ದೋನ್ ಕಿಹೋತೆ’ ಕಾದಂಬರಿಯ ಆರಂಭದಲ್ಲಿ ನಾಯಕನ ಮನೆಯಲ್ಲಿ ಯಾರು ಯಾರಿದ್ದರು ಎಂದು ಹೇಳುವಾಗ ಬರುವುದು ತೆನೇರ್. ಭಾಷೆಗೊಂದು ರಾಜ ಅಕಾಡೆಮಿ ಹುಟ್ಟಿದ್ದು 1713ರಲ್ಲಿ. ಅಷ್ಟರಲ್ಲಿ ಈ ಬದಲಾವಣೆ ಮುಗಿದುಹೋಗಿತ್ತು.

ಆಬೇರ್ ಸಾಯಲಿಲ್ಲ, ಸಹಾಯಕ ಕ್ರಿಯಾಪದವಾಯಿತು. ‘ಎ ಕೊಮೀದೊ’ (ತಿಂದಿದ್ದೇನೆ) ಎಂಬುದರಲ್ಲಿ ‘ಎ’ ಅದರದೇ ರೂಪ. ‘ಇದೆ, ಇವೆ’ ಎನ್ನುವ ‘ಆಯ್’ ಕೂಡ ಅದರದೇ. ‘ಕಾಂತಾರೇ’ (ಹಾಡುವೆ) ಎಂಬ ಭವಿಷ್ಯತ್ ರೂಪದ ಬಾಲವೂ ಅದೇ.

ಕನ್ನಡದ ದಾರಿ ಬೇರೆ. ಇಲ್ಲಿ ಹಸಿವು ‘ನನಗೆ’ ಆಗುತ್ತದೆ, ದುಡ್ಡು ‘ನನ್ನ ಹತ್ತಿರ’ ಇರುತ್ತದೆ. ಹಿಂದಿಯ ‘ಮೇರೆ ಪಾಸ್’, ಮರಾಠಿಯ ‘ಮಾಝ್ಯಾಕಡೆ’, ತಮಿಳಿನ ‘ಎನ್ನಿಡಂ’ ಕೇಳುತ್ತ ಬದುಕುವ ಕನ್ನಡಿಗರಿಗೆ ಇದು ಹೊಸತಲ್ಲ. ಅಲ್ಲೂ ವಸ್ತು ಇರುತ್ತದೆ, ಮನುಷ್ಯ ಅದನ್ನು ಹಿಡಿದಿರುವುದಿಲ್ಲ.

ಆದರೂ ಅನುವಾದದ ಕನ್ನಡದಲ್ಲಿ ಒಂದು ಪದ ತೆನೇರ್ ಆಗಲು ಹೊರಟಿದೆ. ‘ಹೊಂದು’ ಎಂದರೆ ಸರಿಹೋಗು, ಕೂಡು, ಪಡೆ. ‘ಹೊಂದಿಕೆ’ಯಲ್ಲಿ ಆ ಅರ್ಥ ಇನ್ನೂ ಇದೆ. ಈಗ ಫೋನು ಎರಡು ಕ್ಯಾಮೆರಾ ‘ಹೊಂದಿದೆ’, ದಂಪತಿ ಇಬ್ಬರು ಮಕ್ಕಳನ್ನು ‘ಹೊಂದಿದ್ದಾರೆ’. ಪದಗಳು ಹೀಗೆ ಹೊಸ ಕೆಲಸಕ್ಕೆ ಸೇರುವುದು ತಪ್ಪಲ್ಲ, ತೆನೇರ್ ಮಾಡಿದ್ದೂ ಅದನ್ನೇ. ಆದರೆ ತೆನೇರ್ ಅಂದು ಜನರ ನಾಲಗೆಯ ಮೇಲೆ ಬೆಳೆಯಿತು. ಹೊಂದು ಬೆಳೆಯುತ್ತಿರುವುದು ಇಂಗ್ಲಿಷನ್ನು ಪದಕ್ಕೆ ಪದ ಇಳಿಸುವ ಮೇಜಿನ ಮೇಲೆ. ಮುಂಬೈಯಲ್ಲಾಗಲಿ ಮೈಸೂರಿನಲ್ಲಾಗಲಿ, ಶಾಲೆಯಿಂದ ಬಂದ ಮಗು ಅಡುಗೆಮನೆಗೆ ನುಗ್ಗಿ ಹೇಳುವುದು ಇನ್ನೂ ‘ಅಮ್ಮಾ, ಹಸಿವಾಗ್ತಿದೆ’ ಎಂದೇ.