ನೆಫ್ರಾಟಿಕ್ ಸಿಂಡ್ರೋಮ್ (ಮಕ್ಕಳಲ್ಲಿ): ರೋಗನಿರೋಧಕ ಸೂಚಕಗಳು

ಮೂತ್ರಪಿಂಡದ ಸೋಸುಪದರ ಕೆಟ್ಟು ರಕ್ತದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುವ ಕಾಯಿಲೆ. ಬೆಳಿಗ್ಗೆ ಕಣ್ಣಿನ ಸುತ್ತ ಬಾವು, ನೊರೆಮೂತ್ರ, ಮುಂದೆ ಕಾಲು-ಹೊಟ್ಟೆಗಳ ಊತ ಇದರ ಲಕ್ಷಣಗಳು. ರಕ್ತದ ಅಲ್ಬುಮಿನ್ ಡೆಸಿಲೀಟರಿಗೆ 3 ಗ್ರಾಂಗಿಂತ ಕೆಳಗಿಳಿಯುತ್ತದೆ.

ಸೂಚಕಗಳು: ರೋಗನಿರೋಧಕ ವ್ಯವಸ್ಥೆಯ ಟಿ ಕಣಗಳ ದೋಷವೇ ಈ ರೋಗದ ಮೂಲವೆಂದು 1974ರಲ್ಲಿ ಸಂಶೋಧಕ ಶಾಲ್‌ಹೂಬ್ ಪ್ರತಿಪಾದಿಸಿದರು. ಅದೇ ವ್ಯವಸ್ಥೆಯ ಬಿ ಕಣಗಳನ್ನು ಕುಗ್ಗಿಸುವ ರಿಟುಕ್ಸಿಮ್ಯಾಬ್ ಔಷಧಿ ಫಲ ಕೊಟ್ಟ ಮೇಲೆ ಅವುಗಳ ಪಾತ್ರವೂ ಸ್ಪಷ್ಟವಾಯಿತು. ಮರುಕಳಿಕೆಯ ಮುನ್ಸೂಚನೆಗಾಗಿ ಸಿಡಿ19 ಗುರುತುಳ್ಳ ಬಿ ಕಣಗಳನ್ನು ಎಣಿಸುತ್ತಾರೆ. ಸೋಸುಪದರದ ನೆಫ್ರಿನ್ ಎಂಬ ಪ್ರೋಟೀನಿನ ವಿರುದ್ಧದ ಪ್ರತಿಕಾಯಗಳು, 2024ರ ಯುರೋಪಿನ ಅಧ್ಯಯನವೊಂದರಲ್ಲಿ, ರೋಗ ಸಕ್ರಿಯವಾಗಿದ್ದು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಪಡೆಯದಿದ್ದ ಮಕ್ಕಳಲ್ಲಿ ಶೇ. 90ರಷ್ಟು ಮಂದಿಯಲ್ಲಿ ಕಂಡುಬಂದವು. ಐಜಿಜಿ ಪ್ರತಿಕಾಯ ಮೂತ್ರದಲ್ಲಿ ನಷ್ಟವಾಗುವುದರಿಂದ ಸೋಂಕು ಬೇಗ ತಗಲುತ್ತದೆ.

ಪರಿಣಾಮ: ಮೂತ್ರಪಿಂಡದ ಭವಿಷ್ಯ ಹೇಳುವ ಪ್ರಬಲ ಸೂಚಕ ಇಂದಿಗೂ ಸ್ಟೀರಾಯ್ಡ್‌ಗೆ ದೊರೆಯುವ ಪ್ರತಿಕ್ರಿಯೆಯೇ. ಬಹುಪಾಲು ಮಕ್ಕಳು ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್‌ನಿಂದ ಗುಣಮುಖರಾಗುತ್ತಾರೆ. ಮರುಕಳಿಸಿದರೂ ಮೂತ್ರಪಿಂಡ ಸಾಮಾನ್ಯವಾಗಿ ಉಳಿಯುತ್ತದೆ. ಯಾವ ಔಷಧಿಗೂ ಬಗ್ಗದವರಲ್ಲಿ ಮೂತ್ರಪಿಂಡ ವೈಫಲ್ಯದ ಅಪಾಯ ಹೆಚ್ಚು.

ಕರ್ನಾಟಕದಲ್ಲಿ: ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮಕ್ಕಳ ಮೂತ್ರಪಿಂಡ ವಿಭಾಗವಿದೆ. ಯಾದಗಿರಿ ಜಿಲ್ಲೆಯ ಕೊಡೇಕಲ್‌ನಂಥ ದೂರದ ಊರುಗಳ ಪಾಲಕರಿಗೆ ಮನೆಯಲ್ಲೇ ಮಾಡುವ ಮೂತ್ರಪರೀಕ್ಷೆಯೇ ದೊಡ್ಡ ಆಸರೆ. ಬೆಳಗಿನ ಮೊದಲ ಮೂತ್ರದಲ್ಲಿ ಪ್ರೋಟೀನು ತೋರಿಸುವ ಪರೀಕ್ಷಾ ಪಟ್ಟಿ ಅದ್ದಿ, ಬಣ್ಣ ನೋಡಿ ಡೈರಿಯಲ್ಲಿ ಬರೆದಿಡಬೇಕು. ಸತತ ಮೂರು ದಿನ ಪ್ರೋಟೀನು ಮೂರು ಪ್ಲಸ್ (3+) ಬಂದರೆ ರೋಗ ಮರುಕಳಿಸಿದೆ ಎಂದರ್ಥ. ಕೂಡಲೇ ವೈದ್ಯರನ್ನು ಕಾಣಬೇಕು. ಸ್ಟೀರಾಯ್ಡ್ ಅನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕಾರಿ.