ಸಿಂಪ್ಯೂಟರ್ ಏಕೆ ಗೆಲ್ಲಲಿಲ್ಲ?

2000ದ ದಶಕದ ಆರಂಭದಲ್ಲಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ತಂದ 'ಭೂಮಿ' ಯೋಜನೆ ಬಂದ ಮೇಲೆ ಸಿರುಗುಪ್ಪದ ಭತ್ತದ ರೈತನಿಗೆ ತಾಲ್ಲೂಕು ಕೇಂದ್ರದಲ್ಲೇ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಆಗಿನ್ನೂ ತಾಲ್ಲೂಕಾಗಿರದ ಕುರುಗೋಡಿನವರು ಬಳ್ಳಾರಿಗೆ ಹೋಗಬೇಕಿತ್ತು. ಕಂಪ್ಯೂಟರೇ ಊರಿಗೆ ಬಂದರೆ?

ಅಂಥ ಕನಸು ಬೆಂಗಳೂರಿನಲ್ಲಿ ಆಗಲೇ ರೂಪ ಪಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಮೊದಲಾದವರು ಸಿಂಪ್ಯೂಟರ್ ಎಂಬ ಅಂಗೈ ಯಂತ್ರ ರೂಪಿಸಿದರು. ಲಿನಕ್ಸ್ ತಂತ್ರಾಂಶ, ಮುಟ್ಟುವ ಪರದೆ, ಓದಲು ಬಾರದವರಿಗೆ ಕನ್ನಡದಲ್ಲೂ ಮಾತನಾಡುವ ಸೌಲಭ್ಯ. ಒಂದೇ ಯಂತ್ರವನ್ನು ಇಡೀ ಊರು ಹಂಚಿಕೊಳ್ಳಲೆಂದು ಸ್ಮಾರ್ಟ್ ಕಾರ್ಡ್ ಕಿಂಡಿಯನ್ನೂ ಇಟ್ಟಿದ್ದರು. ಈ ಹಂಚಿಕೆಯೇ ಅದರ ದೊಡ್ಡ ವಿಚಾರ.

2004ರಲ್ಲಿ ಬಿಇಎಲ್ ತಯಾರಿಸಿದ 'ಅಮಿಡಾ' ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಬೆಲೆ ಸುಮಾರು 10,000ದಿಂದ 20,000 ರೂಪಾಯಿ. ಬಡವರಿಗೆಂದು ಹುಟ್ಟಿದ್ದು ಬಡವರ ಕೈಗೆಟುಕೀತೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಆದರೂ ತಂತ್ರಜ್ಞಾನದಲ್ಲಿ ಅದು ಮುಂದಿತ್ತು: ಯಂತ್ರವನ್ನು ಸ್ವಲ್ಪ ಓರೆ ಮಾಡಿದರೆ ಚಲನೆ ಗುರುತಿಸುತ್ತಿತ್ತು. ಐಫೋನ್ ಬರಲು ಇನ್ನೂ 3 ವರ್ಷವಿತ್ತು.

ಸರ್ಕಾರ ಸಿಂಪ್ಯೂಟರನ್ನು ಭೂದಾಖಲೆ ಕೆಲಸಕ್ಕೂ ಬಳಸಿ ನೋಡಿತು. ಆದರೂ ಮಾರಾಟ ಕೆಲವೇ ಸಾವಿರಕ್ಕೆ ನಿಂತಿತು. ಸೋಲಿಸಿದ್ದು ಬೆಲೆಯೊಂದೇ ಅಲ್ಲ, ಮೊಬೈಲ್ ಕೂಡ. 2003ರಲ್ಲಿ ಒಳಬರುವ ಕರೆಗಳು ಉಚಿತವಾದವು. ಅದೇ ವರ್ಷ ಬಂದ ನೋಕಿಯಾ 1100ರಲ್ಲಿ ದೂಳು ತಡೆಯುವ ಕೀಲಿಮಣೆಯಿತ್ತು, ರಾತ್ರಿ ಗದ್ದೆಗೆ ನೀರು ಕಟ್ಟುವವರಿಗೆ ಬೇಕಾದ ಟಾರ್ಚ್ ಕೂಡ ಇತ್ತು.