ಹಿರಿಯರ ಹೆಸರನ್ನರಸುತ್ತ

ಪೂರ್ವಜರನ್ನರಿಯಲೆಳಸುವವರು ಮೊದಲು ಜನಗಣತಿಯನ್ನು ನೆನೆಯುವರು. ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಾಗ, 1871ರಲ್ಲಿಯೇ, ಇಲ್ಲಿ ಗಣತಿ ನಡೆಯಿತು. ಆದರೆ ಅಚ್ಚಾದ ವರದಿಗಳಲ್ಲಿರುವುದು ತಲೆಗಳ ಲೆಕ್ಕ, ಮನೆಯವರ ಹೆಸರುಗಳಲ್ಲ. ಸ್ವತಂತ್ರ ಭಾರತದ ಗಣತಿಯ ಮನೆವಿವರಗಳನ್ನಂತೂ 1948ರ ಕಾಯಿದೆ ಯಾರಿಗೂ ತೋರಗೊಡದು.

ಹೆಸರುಗಳು ದೊರೆಯುವುದು ಬೇರೆಡೆಯಲ್ಲಿ. ಕ್ರೈಸ್ತ ಕುಟುಂಬಗಳಿಗೆ ಇಗರ್ಜಿಯ ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕಗಳುಂಟು. ಮಗುವಿನೊಡನೆ ಹೆತ್ತವರ ಹೆಸರೂ ಅಲ್ಲಿರುತ್ತದೆ. ಉಳಿದ ನಮಗೆ ಪಾಲುಪಟ್ಟಿ, ಮೂಲಗೇಣಿ ಪತ್ರ, ಶಾಲೆಯ ದಾಖಲೆಗಳೇ ಆಧಾರ. ಅಳಿಯಸಂತಾನದ ಮನೆತನಗಳಲ್ಲಿ ತಾಯಿಯ ಹೆಸರನ್ನು ಹಿಡಿದೇ ಮೇಲೇರಬೇಕು.

ನಮ್ಮ ಮನೆಗಳ ಹಳೆಯ ಭೂಪತ್ರಗಳು ಬಹುಮಟ್ಟಿಗೆ ಕನ್ನಡದವು. 1956ರಲ್ಲಿ ರಾಜ್ಯದ ಗಡಿ ಬದಲಾಯಿತು. ಪೆಟ್ಟಿಗೆಯೊಳಗಿನ ಅಕ್ಷರ ಬದಲಾಗಲಿಲ್ಲ. ನಮ್ಮ ಮಕ್ಕಳು ಕನ್ನಡವನ್ನು ಕಲಿಯದಿದ್ದರೆ, ಮುತ್ತಜ್ಜಿಯ ಹೆಸರನ್ನೋದಿಸಲು ಪರರನ್ನು ಕರೆಯಬೇಕಾದೀತು.